ಹೆಂಗಿತ್ತು ಅಂತ ಒಬ್ರೂ ಹೇಳ್ಲಿಲ್ವಾ?

ಅಮ್ಮನ ವರ್ಷಾಂತಕ್ಕೆಂದು ಈ ಮಾರ್ಚಿನಲ್ಲಿ ಮಗಳೂ ನಾನೂ ಸಾಗರದ ಹತ್ತಿರದ ನಮ್ಮ ಮನೆಗೆ ಬಂದಿದ್ದೆವು. ಬಂದ ಮೂರನೇ ರಾತ್ರಿ ಎಚ್ಚರಾಗಿ ನೋಡಿದರೆ ಮಗಳ ಹಾಸಿಗೆ ಖಾಲಿ. ಜಗಲಿಯ ತುದಿಯ ಕಂಬಕ್ಕೆ ಒರಗಿ ಕೂತಿದ್ದಳು, ಕೈಯಲ್ಲಿ ಫೋನು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅದೊಂದು ಜಾಗದಲ್ಲಿ. ಗಂಟೆ ಎರಡೂವರೆ. ನ್ಯೂಜೆರ್ಸಿಯಲ್ಲಿ ಆಗ ಸಂಜೆ ಐದು, ಕಾಲೇಜುಗಳಿಂದ ಉತ್ತರ ಬಂದರೆ ಬರುವ ಹೊತ್ತು. ಅವಳ ಪಕ್ಕದಲ್ಲಿ ಅಕ್ಕ ಶಾಲು ಹೊದ್ದು ಕೂತಿದ್ದಳು. ಅವಳಿಗೆ ನಿದ್ದೆ ಮೊದಲಿನಿಂದಲೂ ಕಡಿಮೆ.

"ಎಂತಕ್ಕೆ ಕಾಯ್ತಿದಾಳೋ ಇವಳು ದಿನಾ ರಾತ್ರಿ?" ಎಂದು ನನ್ನನ್ನು ಕೇಳಿದಳು. ಹೇಳಿದೆ. ನಾಟಕದಲ್ಲೇ ಪದವಿ ಮಾಡಬೇಕೆಂದು ಹೊರಟಿದ್ದಾಳೆ, ಜನವರಿ ಫೆಬ್ರವರಿಯಲ್ಲಿ ಹನ್ನೊಂದು ಕಾಲೇಜಿನವರ ಮುಂದೆ ಅಭಿನಯ ಮಾಡಿ ತೋರಿಸಿದ್ದಾಳೆ, ಐದು ಕಡೆಯಿಂದ ಇಲ್ಲ ಅಂತ ಬಂದಿದೆ, ಒಂದು ಕಡೆ ವೇಟ್‌ಲಿಸ್ಟ್, ಇನ್ನು ಐದು ಬರಬೇಕು. ಅಕ್ಕ ಸ್ವಲ್ಪ ಹೊತ್ತು ಅಂಗಳ ನೋಡುತ್ತ ಕೂತಿದ್ದು, "ಮಾಡಿ ತೋರಿಸಿ ತಿಂಗಳ ಮೇಲಾಯ್ತು ಅಂತೀಯ. ಹೆಂಗಿತ್ತು ಅಂತ ಒಬ್ರೂ ಹೇಳ್ಲಿಲ್ವಾ?" ಎಂದಳು.

ಒಬ್ಬರೂ ಹೇಳಿರಲಿಲ್ಲ. ಅದು ತಪ್ಪು ಅಂತ ನನಗೆ ಅಲ್ಲಿಯವರೆಗೆ ಹೊಳೆದೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಅಲ್ಲಿ ಇದ್ದು ಅದು ನನಗೆ ಅಷ್ಟು ರೂಢಿಯಾಗಿಹೋಗಿತ್ತು. ಅಕ್ಕನ ಆ ಪ್ರಶ್ನೆ ಮುಳ್ಳಿನ ಹಾಗೆ ಒಳಗೆ ಉಳಿದದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿ ನಡೆಯುವುದು ಹೀಗೆ. ಅಕ್ಟೋಬರ್ ನವೆಂಬರಿನಲ್ಲಿ ಮಕ್ಕಳು ತಮ್ಮ ಅಭಿನಯದ ವೀಡಿಯೊ ಮಾಡಿ ಕಳಿಸುತ್ತಾರೆ. ಅದರಲ್ಲಿ ದಾಟಿದವರಿಗೆ ಆಡಿಷನ್. ಬಹಳಷ್ಟು ಕಾಲೇಜುಗಳು ನ್ಯೂಯಾರ್ಕ್, ಷಿಕಾಗೊ, ಲಾಸ್ ಏಂಜಲೀಸ್‌ನಂಥ ಊರಲ್ಲಿ ಕೆಲವು ದಿನ ಒಟ್ಟಿಗೆ ಬೀಡು ಬಿಟ್ಟು ಮಕ್ಕಳನ್ನು ನೋಡುತ್ತವೆ. ಒಂದಕ್ಕೊಂದು ಹೋಲದ ಎರಡು ಸ್ವಗತಗಳು, ಒಂದೊಂದಕ್ಕೆ ಹೆಚ್ಚೆಂದರೆ ಒಂದೂವರೆ ನಿಮಿಷ. ಫೆಬ್ರವರಿಯಲ್ಲಿ ನಾವು ಷಿಕಾಗೊಕ್ಕೆ ಹೋಗಿದ್ದೆವು. ಹೊರಗೆ ಹಿಮ, ಒಳಗೆ ಹೋಟೆಲಿನ ಉದ್ದನೆಯ ಹಜಾರದಲ್ಲಿ ನೂರಾರು ಮಕ್ಕಳು ಗೋಡೆಗೆ ಮುಖ ಮಾಡಿಕೊಂಡು ತಮ್ಮ ಮಾತು ಹೇಳಿಕೊಳ್ಳುತ್ತಿದ್ದರು. ಅಳುವವರು, ಬೈಯುವವರು, ಯಾರನ್ನೋ ಬೇಡಿಕೊಳ್ಳುವವರು, ಎಲ್ಲ ಒಟ್ಟಿಗೆ. ನನ್ನ ಮಗಳು ಒಂದು ಬಾಗಿಲ ಒಳಗೆ ಹೋಗಿ ಏಳು ನಿಮಿಷಕ್ಕೆ ಹೊರಗೆ ಬಂದಳು. "ಏನಂದ್ರು?" ಎಂದೆ. "ಥ್ಯಾಂಕ್ಯೂ ಅಂದ್ರು ಪಪ್ಪಾ" ಎಂದಳು. ಆ ದಿನ ಅಂಥ ನಾಲ್ಕು ಬಾಗಿಲು, ನಾಲ್ಕು ಥ್ಯಾಂಕ್ಯೂ.

ಆಮೇಲೆ ಶುರುವಾಗುವುದು ಮೌನ. ನಾಟಕ ವಿಭಾಗದವರು ಒಪ್ಪಿದರೂ ಎಷ್ಟೋ ಕಡೆ ಅಂಕ ನೋಡುವ ಅಡ್ಮಿಷನ್ ಆಫೀಸಿನವರು ಬೇರೆ ಒಪ್ಪಬೇಕು. ಹೆಚ್ಚಿನವು ಮಾರ್ಚ್ ಕೊನೆಯವರೆಗೆ ಬಾಯಿ ಬಿಡುವುದಿಲ್ಲ. ಮೇ 1ರೊಳಗೆ ನಾವು ಮಾತ್ರ ಖಚಿತ ಹೇಳಬೇಕು. ಇಲ್ಲ ಎಂಬ ಉತ್ತರ ಬಂದರೆ ಅದರಲ್ಲಿ ನಾಲ್ಕು ಸಾಲು ಇರುತ್ತದೆ, ಈ ವರ್ಷ ತುಂಬ ಪ್ರತಿಭಾವಂತರು ಬಂದಿದ್ದರು ಎಂದು. ಐದೂ ಕಡೆಯಿಂದ ಹೆಚ್ಚುಕಮ್ಮಿ ಅದೇ ಮಾತು. ದನಿ ಸಾಲಲಿಲ್ಲವೋ, ಆರಿಸಿಕೊಂಡ ತುಣುಕು ಸರಿಯಿರಲಿಲ್ಲವೋ, ನಿಂತ ನಿಲುವು ತಪ್ಪಿತೋ, ಒಂದೂ ಇಲ್ಲ. ಹದಿನೇಳರ ಹುಡುಗಿ ಎದೆಯೊಳಗಿನದನ್ನೆಲ್ಲ ಹೊರಗಿಟ್ಟು ತೋರಿಸಿದ್ದಾಳೆ. ನೋಡಿದವರು ಬಾಗಿಲು ಹಾಕಿಕೊಂಡು ಹೋಗಿದ್ದಾರೆ.

ಗಣಿತದ ಪರೀಕ್ಷೆಯಾದರೆ ಬೇರೆ. ಬರೆದು ಬಂದ ಮೇಲೆ ಯಾವ ಲೆಕ್ಕ ತಪ್ಪಿತು ಅಂತ ಮನೆಯಲ್ಲಿ ಕೂತು ಪತ್ತೆ ಮಾಡಬಹುದು. ನಟನೆಯಲ್ಲಿ ಹಾಗಾಗುವುದಿಲ್ಲ. ಮಾಡುವವರಿಗೆ ತಾವು ಮಾಡಿದ್ದು ಕಾಣುವುದಿಲ್ಲ, ಎದುರಿಗಿದ್ದವರು ಹೇಳಿದರೆ ಮಾತ್ರ ಗೊತ್ತು. ಅದಕ್ಕೇ ಈ ಮೌನ ಬೇರೆ ಯಾವ ಓದಿಗಿಂತ ನಾಟಕ ಓದಹೊರಟ ಮಕ್ಕಳನ್ನು ಹೆಚ್ಚು ಹಿಂಡುತ್ತದೆ ಎಂದು ನನ್ನ ನಂಬಿಕೆ. ಮಗಳು ಈಗ ಕನ್ನಡಿಯ ಮುಂದೆ ನಿಂತು ತನ್ನ ಮೂಗನ್ನು ಅನುಮಾನಿಸುತ್ತಾಳೆ, ಎತ್ತರವನ್ನು ಅನುಮಾನಿಸುತ್ತಾಳೆ, ತನ್ನ ಹೆಸರನ್ನೂ.

ನಾನು ಸಾಗರದಲ್ಲಿ ಕಾಲೇಜಿಗೆ ಹೋಗುವಾಗ, 1993ರಲ್ಲಿ, ಅಂತರಕಾಲೇಜು ಸ್ಪರ್ಧೆಗೆ ನಾಟಕದ ತಂಡ ಕಟ್ಟುತ್ತಿದ್ದರು. ಕ್ಲಾಸು ಮುಗಿದ ಮೇಲೆ ಮೇಷ್ಟ್ರು ಮೂವತ್ತು ಜನರನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರಿಂದಲೂ ಒಂದು ಪುಟ ಹೇಳಿಸಿದರು. ನನಗೆ ರಾಜನ ಪಾತ್ರದ ಆಸೆ. ಕತ್ತಲಾಗುವ ಮೊದಲೇ ಎಲ್ಲರಿಗೂ ಅವರವರದ್ದು ಹೇಳಿ ಮುಗಿಸಿದರು. ನನ್ನ ಸರದಿ ಬಂದಾಗ, "ನಿನ್ನ ದನಿ ಗಂಟಲಲ್ಲೇ ನಿಂತಿದೆ ಮಾರಾಯ. ಹೊಟ್ಟೆಯಿಂದ ಬರ್ಲಿ. ಈ ಸಲ ಲೈಟು ನೋಡ್ಕೋ, ಮುಂದಿನ ವರ್ಷ ನೋಡನ" ಎಂದರು. ಕೊನೆಯ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅಳುತ್ತ ಮನೆಗೆ ಬಂದೆ. ಆದರೆ ಉಂಡು ಮಲಗಿದಾಗ ನಿದ್ದೆ ಬಂತು. ಮಾರನೇ ಬೆಳಿಗ್ಗೆ ತೋಟಕ್ಕೆ ಇಳಿದು, ಮೇಲಿನ ದರೆಗೆ ಕೇಳುವ ಹಾಗೆ ಹೊಟ್ಟೆಯಿಂದ ಕೂಗಿ ಅಭ್ಯಾಸ ಶುರುಮಾಡಿದೆ. ಮುಂದಿನ ವರ್ಷ ಮಂತ್ರಿಯ ಪಾತ್ರ ಸಿಕ್ಕಿತು.

ನಮ್ಮ ಕಡೆ ನೋಡಿದವರು ಹೇಳದೆ ಎದ್ದು ಹೋಗುವುದಿಲ್ಲ. ಯಕ್ಷಗಾನ ಬಯಲಾಟ ಮುಗಿದು ಬೆಳಕು ಹರಿಯುವಾಗ ಚಾ ಅಂಗಡಿಯ ಬೆಂಚಿನ ಮೇಲೆ ಭಾಗವತರ ಪದದಿಂದ ಹಿಡಿದು ಎರಡನೇ ವೇಷದ ಹೆಜ್ಜೆಯವರೆಗೆ ಎಲ್ಲದರ ವಿಚಾರಣೆ ನಡೆಯುತ್ತದೆ, ಗೆಜ್ಜೆ ಬಿಚ್ಚಿದ ವೇಷಧಾರಿ ಅಲ್ಲೇ ಪಕ್ಕದಲ್ಲಿ ಚಾ ಕುಡಿಯುತ್ತ ಕೇಳಿಸಿಕೊಳ್ಳುತ್ತಿರುತ್ತಾನೆ. ನೀನಾಸಮ್ ಎಂಬ ರಂಗಸಂಸ್ಥೆಯಿರುವ ಹೆಗ್ಗೋಡು ನಮಗೆ ಹತ್ತಿರ. ಊರೂರಿಗೆ ನಾಟಕ ಒಯ್ಯುವ ಅದರ ತಂಡ, ತಿರುಗಾಟ, 1985ರಲ್ಲಿ ಶುರುವಾದಾಗ ನಾನು ಐದನೇ ಕ್ಲಾಸು, ಅಪ್ಪನ ಸೈಕಲ್ಲಿನ ಹಿಂದೆ ಕೂತು ನಾಟಕಕ್ಕೆ ಹೋದದ್ದು ನೆನಪಿದೆ. ದೊಡ್ಡವನಾದ ಮೇಲೆ ಅಕ್ಟೋಬರಿನ ಸಂಸ್ಕೃತಿ ಶಿಬಿರದ ದಿನಗಳಲ್ಲಿ ಹೋಗಿ ಹಿಂದೆ ಕೂತಿದ್ದೇನೆ. ರಾತ್ರಿ ನಾಟಕ, ಬೆಳಿಗ್ಗೆ ಅದೇ ನಾಟಕದ ಮೇಲೆ ಚರ್ಚೆ. ಮೇಷ್ಟ್ರೂ ಮಾತಾಡುತ್ತಾರೆ, ಎಲ್ಲಿಂದಲೋ ಬಂದ ಬಿ.ಎ. ಓದುವ ಹುಡುಗಿಯೂ ಮಾತಾಡುತ್ತಾಳೆ. ಒಂದು ಹಳ್ಳಿ 1949ರಿಂದ ಈ ರೂಢಿಯನ್ನು ಬೆಳೆಸಿಕೊಂಡು ಬಂದು, 1980ರಲ್ಲಿ ರಂಗಶಿಕ್ಷಣಕ್ಕೇ ಒಂದು ಶಾಲೆ ತೆರೆಯಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯವರೂ ಕೊನೆಯ ಸುತ್ತಿಗೆ ಬಂದವರನ್ನು ಕೆಲವು ದಿನ ಕಾರ್ಯಾಗಾರದಲ್ಲಿ ಇಟ್ಟುಕೊಂಡು ನೋಡುತ್ತಾರೆ. ಸಿಗದೆ ಹೋದವರು ಕೂಡ ನಾಲ್ಕು ದಿನ ಕಲಿತು ಹೋಗುತ್ತಾರೆ. ಅಮೆರಿಕದಲ್ಲಿ, ಪಿಟ್ಸ್‌ಬರ್ಗಿನಲ್ಲಿ, ನಾಟಕದ ಪದವಿ ತರಗತಿ ಶುರುವಾದದ್ದು 1914ರಲ್ಲಿ. ಶತಮಾನ ದಾಟಿದ ಆ ವಿದ್ಯೆಗೆ ಮಗುವಿನ ಕಡೆ ತಿರುಗಿ ಒಂದು ಸಾಲು ಹೇಳುವುದು ಇನ್ನೂ ಯಾಕೆ ಸಾಧ್ಯವಾಗಿಲ್ಲ?

ಅಲ್ಲಿಯ ಸ್ನೇಹಿತರು ಕಾರಣ ಕೊಡುತ್ತಾರೆ. ಸಾವಿರಾರು ಮಕ್ಕಳು, ಒಂದೊಂದು ಕಡೆ ಹದಿನೈದೋ ಇಪ್ಪತ್ತೋ ಸೀಟು. ಅವರು ಕಟ್ಟುವುದು ಒಂದು ತಂಡ, ಈ ವರ್ಷ ಅಂಥ ದನಿಯ ಹುಡುಗಿ ಆಗಲೇ ಸಿಕ್ಕಿದ್ದರೆ ನಿನ್ನ ಮಗಳು ಎಷ್ಟು ಚೆನ್ನಾಗಿ ಮಾಡಿದ್ದರೂ ಜಾಗ ಇಲ್ಲ. ಇದು ನಿಜವೇ ಇರಬೇಕು. ಹಾಗಿದ್ದರೆ ಅದನ್ನೇ ಹೇಳಲಿ. ನೀನು ಚೆನ್ನಾಗಿ ಮಾಡಿದೆ, ನಮ್ಮಲ್ಲಿ ಜಾಗ ಇಲ್ಲ ಎಂಬ ಮಾತು ಆ ಮಗುವನ್ನು ಎಷ್ಟು ದಿನ ನಡೆಸುತ್ತಿತ್ತು!

ಇಷ್ಟನ್ನೂ ಆ ರಾತ್ರಿ ಜಗಲಿಯಲ್ಲಿ ಕೂತು ಅಕ್ಕನಿಗೆ ಹೇಳಿದೆ. ಊರೇ ಮೇಲು, ಇಲ್ಲಿ ಇಲ್ಲ ಅನ್ನುವುದನ್ನಾದರೂ ಮುಖ ನೋಡಿ ಅನ್ನುತ್ತಾರೆ ಎಂದೆ. ಅಕ್ಕ ಹೂಂ ಅನ್ನಲಿಲ್ಲ.

ಅವಳು ಯಾಕೆ ಹೂಂ ಅನ್ನಲಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲು ಮನಸ್ಸಿಲ್ಲದಿದ್ದರೂ ಹೇಳಬೇಕು. ನನಗಿಂತ ಐದು ವರ್ಷ ಮೊದಲು ಅದೇ ಮೇಷ್ಟ್ರ ಕೈಕೆಳಗೆ ಓದಿದವಳು ಅವಳು. ಆಟ ನೋಡಿ ಬಂದ ಮಾರನೇ ದಿನ ದಮಯಂತಿಯ ಅರ್ಥವನ್ನು, ಅಂದರೆ ಆ ಪಾತ್ರದ ಮಾತನ್ನು, ಪೂರ್ತಿ ಒಪ್ಪಿಸುತ್ತಿದ್ದಳು, ಅಡಿಕೆ ಸುಲಿಯುತ್ತಿದ್ದವರು ಕತ್ತಿ ನಿಲ್ಲಿಸಿ ಕೇಳುತ್ತಿದ್ದರು. ಮೇಷ್ಟ್ರು ಅವಳನ್ನು ನಾಟಕಕ್ಕೆ ಕೇಳಲು ಮನೆಗೇ ಬಂದಿದ್ದರು. ಇದೇ ಜಗಲಿ. ಅಪ್ಪ ಕವಳದ ತಟ್ಟೆ ಮುಂದೆ ಸರಿಸಿ, "ನಮ್ಮ ಮನೆ ಹೆಣ್ಣುಮಕ್ಕಳಿಗೆ ಅದೆಲ್ಲ ಬೇಡ ಮೇಷ್ಟ್ರೇ" ಎಂದರು. ಮೇಷ್ಟ್ರು ಆಯ್ತು ಎಂದು ಕವಳ ಹಾಕಿಕೊಂಡು ಎದ್ದರು. ಎರಡು ನಿಮಿಷವೂ ಹಿಡಿಯಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಅಕ್ಕನ ಮುಖವನ್ನು ನೋಡಿದವರು ಯಾರೂ ಇಲ್ಲ, ನಾನೊಬ್ಬ ಬಿಟ್ಟು.

ಷಿಕಾಗೊದ ಆ ಬಾಗಿಲುಗಳ ಒಳಗೆ ನನ್ನ ಮಗಳನ್ನು ಯಾರ ಮಗಳು, ಯಾವ ಪೈಕಿ, ಮನೆಯಲ್ಲಿ ಒಪ್ಪಿದ್ದಾರಾ ಎಂದು ಯಾರೂ ಕೇಳಲಿಲ್ಲ. ಹೆಸರು ಸರಿಯಾಗಿ ಉಚ್ಚರಿಸಲು ಬಾರದಿದ್ದರೂ ಒಳಗೆ ಕರೆದರು, ಮೂರು ನಿಮಿಷ ಕಣ್ಣು ತೆಗೆಯದೆ ನೋಡಿದರು. ಆ ಪರಿಚಯವಿಲ್ಲದ ದೂರವೇ ಅವಳಿಗೆ ಬಾಗಿಲು ತೆರೆಯಿತು, ಈಗ ಅವಳನ್ನು ಸುಡುತ್ತಿರುವುದೂ ಅದೇ ದೂರ. ನಮ್ಮ ಊರಿನ ಸಲಿಗೆ ನನಗೆ ದನಿ ಕೊಟ್ಟಿತು, ಅಕ್ಕನದನ್ನು ಕಿತ್ತುಕೊಂಡಿತು. ಮೌನದ ಮೇಲೆ ನನಗಿರುವ ಸಿಟ್ಟು ಇದರಿಂದ ಕಡಿಮೆಯಾಗಿಲ್ಲ. ಊರಿನ ಬಗ್ಗೆ ಮೊದಲಿನಷ್ಟು ಜೋರಾಗಿ ಹೇಳಲಾರೆ, ಅಷ್ಟೇ.

ಆವತ್ತು ಮೂರೂವರೆಯಾದರೂ ಏನೂ ಬರಲಿಲ್ಲ. ಅಕ್ಕ ಶಾಲು ಸರಿಮಾಡಿಕೊಂಡು, "ಕೂಸೇ, ಅಲ್ಲಿ ಎಂತ ಮಾಡಿ ತೋರಿಸಿದ್ಯೋ ಅದನ್ನ ಒಂದ್ಸಲ ಮಾಡು ನೋಡನ" ಎಂದಳು. ಮಗಳು ನನ್ನ ಮುಖ ನೋಡಿದಳು. ಆಮೇಲೆ ಅಂಗಳಕ್ಕೆ ಇಳಿದಳು. ಅಡಿಕೆ ಹರವುವ ಜಾಗದಲ್ಲಿ ನಿಂತು, ಜಗಲಿಯ ಬಲ್ಬಿನ ಬೆಳಕಿನಲ್ಲಿ, ಮನೆ ಬಿಟ್ಟು ಹೊರಟ ಅಣ್ಣನನ್ನು ತಡೆಯುವ ತಂಗಿಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. ಕೊಟ್ಟಿಗೆಯಲ್ಲಿ ದನ ಒಮ್ಮೆ ಕತ್ತಿನ ಗಂಟೆ ಅಲ್ಲಾಡಿಸಿತು.

"ಮಾತು ಪೂರ್ತಿ ತಿಳೀಲಿಲ್ಲ. ದನಿ ಚೊಲೋ ಇದ್ದು. ಆದ್ರೆ ಅಣ್ಣ ಹೊರಟ ಅಂತ ಗೊತ್ತಾದ ಕೂಡ್ಲೇ ಅತ್ತುಬಿಟ್ಯಲ್ಲೇ, ಅಷ್ಟು ಬೇಗ ಅಳು ಬರೂದಿಲ್ಲ. ಮೊದಲು ಅವನ ಚೀಲ ನೋಡು. ನಿಜವಾಗ್ಲೂ ತುಂಬಿದ್ದಾನಾ ಅಂತ ನೋಡು" ಎಂದಳು ಅಕ್ಕ.

"ಚೀಲ ಎಲ್ಲಿರತ್ತೆ ಅತ್ತೆ?"

"ಅಲ್ಲೇ, ತುಳಸಿ ಕಟ್ಟೆ ಹತ್ರ."

ಮಗಳು ಫೋನನ್ನು ಕಂಬದ ಬುಡದಲ್ಲಿ ಮಗುಚಿ ಇಟ್ಟು ಮತ್ತೆ ಅಂಗಳಕ್ಕೆ ಹೋಗಿ ನಿಂತಳು. ಈ ಸಲ ಬಹಳ ಹೊತ್ತು ತುಳಸಿ ಕಟ್ಟೆಯ ಬುಡವನ್ನೇ ನೋಡುತ್ತಿದ್ದು, ಆಮೇಲೆ ಬಾಯಿ ತೆರೆದಳು.