ಸೋಫಾಗೆ ಇರುವ ದಾರಿ

ನಿನ್ನೆ ಸಂಗೀತ ಕಛೇರಿ ಮುಗಿಸಿ ಮನೆಗೆ ಬಂದಾಗ ರಾತ್ರಿ ಹನ್ನೊಂದೂವರೆ. ನಿದ್ದೆ ಬರಲಿಲ್ಲ, ಸಿಟ್ಟೂ ಇಳಿಯಲಿಲ್ಲ. ಅದಕ್ಕೇ ಈ ಬರಹ.

ಬೆಂಗಳೂರಿನ ಒಂದು ದೊಡ್ಡ ಸಭಾಂಗಣ. ಹೆಸರು ಬೇಡ, ಮುಂದಿನ ತಿಂಗಳು ಮತ್ತೆ ಅಲ್ಲೇ ನುಡಿಸಬೇಕು. ಹೊರಗೆ ಚೆಂದದ ರ್‍ಯಾಂಪ್ ಇದೆ, ನೀಲಿ ಬೋರ್ಡೂ ಇದೆ. ನನ್ನ ವೀಲ್‌ಚೇರ್ ಸಲೀಸಾಗಿ ಒಳಗೆ ಹೋಯಿತು. ವೇದಿಕೆ ಹತ್ತಿರ ಬಂದರೆ ಏಳು ಮೆಟ್ಟಿಲು!

“ಚಿಂತೆ ಮಾಡ್ಬೇಡಿ ಸರ್, ನಮ್ಮ ಹುಡುಗ್ರು ಎತ್ತಿಬಿಡ್ತಾರೆ” ಎಂದರು ಸಂಘಟಕರು.

ನಾಲ್ಕು ಜನ ಎತ್ತಿದರು. ನನಗಿಂತ ಮೊದಲು ಹಾರ್ಮೋನಿಯಂ ಹೋಯಿತು, ಜಾಸ್ತಿ ಜೋಪಾನವಾಗಿ.

ಮೇಲೆ ಕೂತು ನೋಡುತ್ತೇನೆ, ಅತಿಥಿಗಳ ಸೋಫಾ ವೇದಿಕೆಯ ಹಿಂದಿನಿಂದ ಉರುಳಿಕೊಂಡು ಬರುತ್ತಿದೆ. ಅಲ್ಲೊಂದು ಅಗಲವಾದ ಬಾಗಿಲು, ಲಾರಿಯಿಂದ ಸೆಟ್ ಇಳಿಸಲು ಮಾಡಿದ ಇಳಿಜಾರು. ನನ್ನನ್ನು ಯಾಕೆ ಆ ಕಡೆಯಿಂದ ಕರೆತರಲಿಲ್ಲ ಎಂದು ಕೇಳಿದೆ. “ಅದು ಸಾಮಾನಿಗೆ ಸರ್, ಆರ್ಟಿಸ್ಟ್‌ಗಳಿಗಲ್ಲ” ಎಂದರು.

ಇದೇ ನನ್ನ ತಕರಾರು. ನಮ್ಮ ಊರಿನ ರ್‍ಯಾಂಪ್‌ಗಳು ಪ್ರೇಕ್ಷಕರ ಸಾಲಿಗೇ ಮುಗಿದುಹೋಗುತ್ತವೆ. ಕಾಲಿಲ್ಲದವನು ನಾಟಕ ನೋಡಬಹುದು, ಚಪ್ಪಾಳೆ ತಟ್ಟಬಹುದು. ಡಿಸೆಂಬರ್ 3, ಅಂಗವಿಕಲರ ದಿನ ಬಂದರೆ ಶಾಲು, ಹಣ್ಣಿನ ಬುಟ್ಟಿ ತಗೋಬಹುದು. ಆದರೆ ಅವನೇ ನುಡಿಸಿ, ಸಂಭಾವನೆ ಎಣಿಸಿಕೊಂಡು ಹೋಗುತ್ತಾನೆ ಅಂತ ಕಟ್ಟಡ ಕಟ್ಟಿದವರಿಗೆ ಹೊಳೆದೇ ಇಲ್ಲ. ಗ್ರೀನ್‌ರೂಮ್ ನೆಲಮಾಳಿಗೆಯಲ್ಲಿ. ಅಲ್ಲಿನ ಟಾಯ್ಲೆಟ್ ಬಾಗಿಲಲ್ಲಿ ವೀಲ್‌ಚೇರ್ ತೂರುವುದೇ ಇಲ್ಲ. ಕಛೇರಿ ಇರುವ ದಿನ ನಾನು ಮಧ್ಯಾಹ್ನದಿಂದ ನೀರು ಕುಡಿಯುವುದಿಲ್ಲ. ಇದನ್ನು ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ.

ವೇದಿಕೆ ಮೇಲೆ ಪುಟ್ಟರಾಜ ಗವಾಯಿಗಳ ಫೋಟೋಗೆ ಹಾರ ಹಾಕಿದ್ದರು. ಕಣ್ಣು ಕಾಣದ ಆ ಹಿರಿಯರು ಗದಗಿನ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದರು, ನಾಟಕ ಕಂಪನಿಯನ್ನೂ ನಡೆಸಿದರು. ಆ ಫೋಟೋ ಕೆಳಗೇ ನನ್ನನ್ನು ಅಕ್ಕಿ ಮೂಟೆ ಥರ ಹೊತ್ತುಕೊಂಡು ಹೋದರು.

ಕಾನೂನು ಇಲ್ಲ ಅಂತೇನಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಅಂಗವಿಕಲ ಕಲಾವಿದರಿಗೆ ಸೌಲಭ್ಯ, ಬೆಂಬಲ ಕೊಡಬೇಕು ಅನ್ನುತ್ತದೆ. ನಿಯಮ ಬಂದಿದ್ದು 2017ರಲ್ಲಿ. ಹಳೇ ಸಾರ್ವಜನಿಕ ಕಟ್ಟಡ ಸರಿಮಾಡಲು ಕೊಟ್ಟಿದ್ದು ಐದು ವರ್ಷ. ಲೆಕ್ಕ ನೀವೇ ಹಾಕಿ.

ನನ್ನ ಇಂಜಿನಿಯರ್ ಗೆಳೆಯ ಜಾಗದ ಲೆಕ್ಕ ಹೇಳುತ್ತಾನೆ. ಒಂದು ಅಡಿ ಎತ್ತರಕ್ಕೆ 12 ಅಡಿ ಇಳಿಜಾರು ಬೇಕಂತೆ. ಮೂರೂವರೆ ಅಡಿ ವೇದಿಕೆಗೆ 42 ಅಡಿ, ಎಲ್ಲಿಂದ ತರೋದು ಅಂತ ಕೇಳುತ್ತಾನೆ. ನಿಜವೇ ಇರಬಹುದು ಮಾರಾಯ. ಆದರೆ ಸೋಫಾ ಬಂದ ದಾರಿ ಆಗಲೇ ಇದೆಯಲ್ಲ? ಅದಕ್ಕೆ ಎಲ್ಲಿಂದ ಜಾಗ ತಂದರು? ಬಾಗಿಲು ತೆಗೆಯೋಕೂ ಬಜೆಟ್ ಬೇಕಾ?

ಇನ್ನೊಂದು ಮಾತು, ಹೇಳೋಕೆ ನಾಚಿಕೆ. ಎತ್ತಿಕೊಂಡು ಹೋಗುವಾಗ ಜನ ಚಪ್ಪಾಳೆ ತಟ್ಟಿದರು. ನಾನಿನ್ನೂ ಒಂದು ಸ್ವರ ನುಡಿಸಿರಲಿಲ್ಲ. ಆದರೂ ಒಂದು ಕ್ಷಣ ಖುಷಿಯಾಯಿತು. ಯಮನ್ ರಾಗ ಮುಗಿದಾಗ ಬಂದ ಚಪ್ಪಾಳೆ ಅದಕ್ಕಿಂತ ಕಡಿಮೆ. ಸಿಟ್ಟು ಇಳಿಯದೇ ಇರೋದು ಅದಕ್ಕೂ ಇರಬೇಕು.

ಬೆಳಿಗ್ಗೆ ಸಭಾಂಗಣಕ್ಕೆ ಫೋನ್ ಮಾಡಿ, ಮುಂದಿನ ತಿಂಗಳು ಹಿಂದಿನ ಬಾಗಿಲು ತೆಗೆದಿಡಿ ಎಂದೆ. “ಏನ್ ಸಾಮಾನು ಸರ್, ಎಷ್ಟು ತೂಕ?” ಎಂದರು.

ಒಂದು ಹಾರ್ಮೋನಿಯಂ, ಒಬ್ಬ ಮನುಷ್ಯ, ಒಟ್ಟು 90 ಕೆಜಿ ಅಂತ ಬರೆಸಿದ್ದೇನೆ.