ಬಿ.ಎಚ್. ರೋಡಿನ ‘ಎಚ್’

ಶಿವಮೊಗ್ಗದಲ್ಲಿರಲಿ, ನಮ್ಮ ಸಾಗರದಲ್ಲಿರಲಿ, ದಿನಕ್ಕೆ ಹತ್ತು ಸಲ ‘ಬಿ.ಎಚ್. ರೋಡ್’ ಎನ್ನುತ್ತೇವೆ. ಆ ಎಚ್ ಅಂದರೆ ಏನು ಅಂತ ಮೊನ್ನೆ ಪಿಯುಸಿ ಓದುವ ಮಗಳನ್ನು ಕೇಳಿದೆ. ‘ಹೈವೇ ಅಲ್ವಾ ಅಪ್ಪಾ?’ ಅಂದಳು.

ಹೊನ್ನಾವರ ಮಗಳೇ. ಬೆಂಗಳೂರು–ಹೊನ್ನಾವರ ರಸ್ತೆ.

ಅವಳದೇನೂ ತಪ್ಪಿಲ್ಲ. ನಾವೇ ಹೇಳಿಕೊಟ್ಟಿಲ್ಲ. ಕೆಳದಿ, ಇಕ್ಕೇರಿ, ಶಿವಪ್ಪ ನಾಯಕ ಅಂತ ಹೆಮ್ಮೆಯಿಂದ ಮಾತಾಡುತ್ತೇವೆ, ಜೋಗದ ಹತ್ತಿರ ಬಂದು ಕಥೆ ನಿಲ್ಲಿಸಿಬಿಡುತ್ತೇವೆ. ಹೊಳೆ ಅಲ್ಲಿ ನಿಲ್ಲುತ್ತದಾ? ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಜೋಗದಲ್ಲಿ ಧುಮುಕಿ, ಗೇರುಸೊಪ್ಪ ದಾಟಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಆ ಊರಿನ ಇತಿಹಾಸವನ್ನು ಬೇರೆ ಜಿಲ್ಲೆಯದು ಅಂತ ಪಕ್ಕಕ್ಕಿಟ್ಟರೆ ನಮ್ಮ ಇತಿಹಾಸ ಅರ್ಧಕ್ಕೆ ನಿಲ್ಲುತ್ತದೆ ಅನ್ನುವುದು ನನ್ನ ಮಾತು.

ನಮ್ಮಜ್ಜಿಗೆ ಇದು ಓದದೆಯೇ ಗೊತ್ತಿತ್ತು. ಹೊಳೆ ಬದಿಯ ಅಪ್ಪೆಮಿಡಿ ತೊಟ್ಟು ಸಮೇತ ಬಂದರೆ ಮನೆಯಲ್ಲಿ ಬೇರೆ ಕೆಲಸ ಇಲ್ಲ. ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಕೆಲವೇ ದಿನಕ್ಕೆ ಮಿಡಿ ನೀರು ಬಿಟ್ಟು ಚಿರುಟಿಕೊಳ್ಳಬೇಕು. ಉಪ್ಪು ಮಾತ್ರ ಘಟ್ಟದ ಕೆಳಗಿನದೇ ಆಗಬೇಕು, ಸಾಣಿಕಟ್ಟಾದ್ದು. ಪ್ಯಾಕೆಟ್ ಉಪ್ಪು ತಂದರೆ ಭರಣಿ ಮುಟ್ಟಲು ಬಿಡುತ್ತಿರಲಿಲ್ಲ. ಉಪ್ಪು, ತೆಂಗಿನಕಾಯಿ, ಒಣಮೀನು ಘಟ್ಟ ಹತ್ತಿ ಬರುತ್ತಿದ್ದವು. ಮೇಲಿನಿಂದ ಅಡಿಕೆ, ಏಲಕ್ಕಿ, ಕಾಳುಮೆಣಸು ಇಳಿಯುತ್ತಿದ್ದವು.

ಆ ಕಾಳುಮೆಣಸಿಗಾಗಿಯೇ ಪೋರ್ಚುಗೀಸರು ಇಲ್ಲಿಗೆ ಬಂದದ್ದು. 1569ರಲ್ಲಿ ಹೊನ್ನಾವರದ ಕೋಟೆ ಹಿಡಿದರು. ಗೇರುಸೊಪ್ಪದಲ್ಲಿ ಆಗ ಆಳುತ್ತಿದ್ದವಳು ಚೆನ್ನಭೈರಾದೇವಿ. ಜೈನ ರಾಣಿ. ಐವತ್ತು ವರ್ಷಕ್ಕೂ ಜಾಸ್ತಿ ಆಳಿದಳು. ಆಕೆಯೊಡನೆ ಕಾದಾಡಿದ ಪೋರ್ಚುಗೀಸರೇ ಆಕೆಯನ್ನು ‘ಕಾಳುಮೆಣಸಿನ ರಾಣಿ’ ಎಂದು ಕರೆದರು. ಕೊನೆಗೆ ಆಕೆಯನ್ನು ಸೋಲಿಸಿದವರು ಯಾರು ಗೊತ್ತಾ? ನಮ್ಮವರು. 1606ರ ಹೊತ್ತಿಗೆ ಇಕ್ಕೇರಿಯ ವೆಂಕಟಪ್ಪ ನಾಯಕ ಆಕೆಯ ರಾಜ್ಯ ಗೆದ್ದ. ರಾಣಿ ಸೆರೆಯಲ್ಲೇ ತೀರಿಕೊಂಡಳು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ನೆಂಟರನ್ನು ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಈ ಕಥೆ ಹೇಳಿಲ್ಲ. ಈಗ ನೆನೆದರೆ ಸಂಕಟವಾಗುತ್ತದೆ.

ಅದಾಗಿ ಹದಿನೇಳು ವರ್ಷಕ್ಕೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದ. ವೆಂಕಟಪ್ಪ ನಾಯಕನನ್ನು ಕಾಣುವ ಪ್ರಯಾಣ ಅದು. ದೋಣಿಯಲ್ಲಿ ಗೇರುಸೊಪ್ಪದವರೆಗೆ ಬಂದು, ಇಷ್ಟು ಚೆಂದದ ಹೊಳೆಯನ್ನು ನಾನು ಕಂಡೇ ಇಲ್ಲ ಎಂಬರ್ಥದಲ್ಲಿ ಬರೆದ. ರಾಣಿಯ ಊರು ಆಗಲೇ ಹಾಳು ಬಿದ್ದು ಕಾಡು ಬೆಳೆದಿತ್ತು. ಘಟ್ಟ ಹತ್ತುವ ದಾರಿಯಲ್ಲಿ, ದೇವಸ್ಥಾನವೊಂದರ ಜಗಲಿಯಲ್ಲಿ ಹುಡುಗರು ಮರಳು ಹರವಿ, ಬೆರಳಲ್ಲಿ ಅಂಕಿ ತಿದ್ದುತ್ತಾ ರಾಗವಾಗಿ ಲೆಕ್ಕ ಕಲಿಯುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ನೆನಪಾದ. 14ನೇ ಶತಮಾನದಲ್ಲೇ ಹೊನ್ನಾವರ ಕಂಡವನು ಅವನು. ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ಇದ್ದವು ಅಂತ ಬರೆದಿದ್ದಾನೆ. ಹೆಣ್ಣುಮಕ್ಕಳಿಗೆ ಹದಿಮೂರು! ಮಗಳಿಗೆ ಇದನ್ನು ಎರಡು ಸಲ ಓದಿ ಹೇಳಿದೆ.

ಕಳೆದ ಮಳೆಗಾಲದಲ್ಲಿ ಅವಳನ್ನು ಗೇರುಸೊಪ್ಪಕ್ಕೆ ಕರೆದುಕೊಂಡು ಹೋದೆ. ನಗರಬಸ್ತಿಕೇರಿಯ ಕಾಡಿನೊಳಗೆ ಚತುರ್ಮುಖ ಬಸದಿ ಇದೆ. ಕಲ್ಲಿನ ಕಟ್ಟಡ, ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ದಿಕ್ಕಿಗೂ ಮುಖ ಮಾಡಿ ಕುಳಿತ ಜಿನಮೂರ್ತಿಗಳು. ಯಾವ ಬಾಗಿಲಲ್ಲಿ ನಿಂತರೂ ಒಬ್ಬರು ನಿಮ್ಮನ್ನೇ ನೋಡುತ್ತಿರುತ್ತಾರೆ. ಉಂಬಳ (ಕಾಡಿನ ಜಿಗಣೆ) ಕಾಲಿಗೆ ಹತ್ತಿದ್ದೂ ಅವಳಿಗೆ ಗೊತ್ತಾಗಿರಲಿಲ್ಲ. ಹೊರಗೆ ಗೋಡೆಯ ಪಾಚಿಯ ಮೇಲೆ ಕೈಯಿಟ್ಟು, ‘ಇಲ್ಲಿ ಒಂದು ಊರೇ ಇತ್ತಾ ಅಪ್ಪಾ?’ ಅಂತ ಕೇಳಿದಳು. ಇತ್ತು ಅಂದೆ. ಅದಕ್ಕಿಂತ ಜಾಸ್ತಿ ಹೇಳಲು ಬಾಯಿ ಬರಲಿಲ್ಲ.

ಯಕ್ಷಗಾನದ ಮಾತು ಬಿಟ್ಟರೆ ನಮ್ಮ ಕಡೆಯವರು ನನ್ನನ್ನು ಬಿಡುವುದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಹೊನ್ನಾವರ ತಾಲ್ಲೂಕಿನದು. ಇಡಗುಂಜಿ ಗಣಪತಿಗೆ ಹರಕೆ ಹೊತ್ತವರು ಘಟ್ಟದ ಮೇಲೆ ಎಷ್ಟು ಮನೆಗಳಲ್ಲಿಲ್ಲ ಹೇಳಿ.

ಆದರೂ ಈಗ ನಾವು ಘಟ್ಟ ಇಳಿದರೆ ನೇರ ಮುರ್ಡೇಶ್ವರ. ಹೊನ್ನಾವರದಲ್ಲಿ ಗಾಡಿ ನಿಲ್ಲಿಸುವುದು ಊಟಕ್ಕೆ ಮಾತ್ರ. ಸಾಗರದ, ಹೊಸನಗರದ, ಶಿವಮೊಗ್ಗದ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಮಕ್ಕಳ ಪ್ರವಾಸಕ್ಕೆ ಇಕ್ಕೇರಿಯನ್ನೂ ಗೇರುಸೊಪ್ಪವನ್ನೂ ಒಂದೇ ದಿನ ಹಾಕಿ. ಗೆದ್ದವರ ಊರು, ಸೋತವಳ ಊರು ಎರಡನ್ನೂ ನೋಡಲಿ. ಸಂಜೆ ಹೊನ್ನಾವರದ ಸೇತುವೆ ಹತ್ತಿರ ಇಳಿಸಿ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆಯೂ ಅಲ್ಲೇ ಇದೆ, ಎರಡು ಕಿಲೋಮೀಟರ್‌ಗೂ ಜಾಸ್ತಿ. ನಮ್ಮ ಹೊಳೆ ಅಲ್ಲಿ ಅಷ್ಟು ಅಗಲ ಆಗಿರುತ್ತದೆ.

ಅವತ್ತು ನಾವೂ ಅಲ್ಲಿ ನಿಂತಿದ್ದೆವು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ‘ಯಾವೂರು ತಮ್ಮಾ?’ ಅಂದರು. ಸಾಗರ ಅಂದೆ. ಕೈಯಲ್ಲಿದ್ದ ಬಲೆ ಕೆಳಗಿಟ್ಟರು.

‘ಮೇಲೆ ಮಳೆ ಹ್ಯಾಂಗಿದೆ? ಡ್ಯಾಂ ತುಂಬ್ತಾ?’

ಲಿಂಗನಮಕ್ಕಿ 1819 ಅಡಿ ಮುಟ್ಟಿ ಬಾಗಿಲು ತೆಗೆದರೆ ನೀರು ಬರುವುದು ಅವರ ಅಂಗಳಕ್ಕೆ. ಅದೇ ಅಣೆಕಟ್ಟಿನ ತಾಲ್ಲೂಕಿನವನು ನಾನು. ನನಗೆ ಗೊತ್ತಿರಲಿಲ್ಲ. ಮೊಬೈಲ್ ತೆಗೆದು ನೋಡಿ, ಇನ್ನೂ ಒಂಬತ್ತು ಅಡಿ ಬಾಕಿ ಇದೆ ಅಂದೆ. ಅವರು ತಲೆಯಾಡಿಸಿ ಮತ್ತೆ ಬಲೆ ಕೈಗೆತ್ತಿಕೊಂಡರು.