ಒರೆಸೋ ಬಟ್ಟೆ ಎಲ್ಲಿದೆ?

ಹೆಂಡತಿ ಬೆಳಿಗ್ಗೆ ಎಂಟಕ್ಕೆಲ್ಲ ಆಫೀಸಿಗೆ ಹೊರಡುತ್ತಾಳೆ, ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಹಾಗಾಗಿ ಮಗನನ್ನು ಶಾಲೆಗೆ ಕಳಿಸೋದು, ಬಟ್ಟೆ, ಪಾತ್ರೆ ಎಲ್ಲಾ ನನ್ನ ಪಾಲಿಗೆ. ಇದನ್ನು ನಾಲ್ಕು ಜನರ ಮುಂದೆ ಸ್ವಲ್ಪ ಜಾಸ್ತಿಯೇ ಹೇಳಿಕೊಳ್ಳುತ್ತೇನೆ. ನಮ್ಮಪ್ಪ ಅಡುಗೆಮನೆಗೆ ಹೋಗುತ್ತಿದ್ದದ್ದು ನೀರು ಕುಡಿಯೋಕೆ ಮಾತ್ರ, ಅದೂ ಲೋಟ ಎಲ್ಲಿದೆ ಅಂತ ಅಮ್ಮನನ್ನು ಕೇಳಿಕೊಂಡು. ನಾನು ಹಾಗಲ್ಲಪ್ಪಾ.

ಮೊನ್ನೆ ಮಂಗಳವಾರ ಏನಾಯ್ತು ಕೇಳಿ. ಶಾಲೆಯ ವ್ಯಾನ್ ಬರೋಕೆ ಐದೇ ನಿಮಿಷ ಇದೆ, ಮಗನ ಒಂದು ಕಾಲಿಗೆ ಮಾತ್ರ ಸಾಕ್ಸ್ ಸಿಕ್ಕಿದೆ. ಫೋನ್ ಮಾಡಿದೆ. "ಎಡಗಡೆ ಕಪಾಟು, ಎರಡನೇ ಖಾನೆ, ಟವೆಲ್ ಹಿಂದೆ" ಅಂದಳು. ಇತ್ತು. ಅವನನ್ನು ಹತ್ತಿಸಿ ಬಂದು, ಒಲೆ ಮೇಲೆ ಹಾಲಿಟ್ಟು ಮೀಟಿಂಗಿಗೆ ಕೂತೆ. ಹಾಲಿಗೂ ನಮ್ಮ ಬಾಸಿಗೂ ಒಂದೇ ಗುಣ, ನೋಡ್ತಾ ಇರೋವರೆಗೂ ತೆಪ್ಪಗಿರುತ್ತಾರೆ. ಉಕ್ಕಿ ಒಲೆಯಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಇಳಿದ ಮೇಲೇ ನನಗೆ ವಾಸನೆ ಬಂದದ್ದು. ಮತ್ತೆ ಫೋನ್. ಆತುರದಲ್ಲಿ ಮೀಟಿಂಗಿನ ಮೈಕ್ ಆಫ್ ಮಾಡಿರಲಿಲ್ಲ. "ಚಿನ್ನಾ, ಒರೆಸೋ ಬಟ್ಟೆ ಎಲ್ಲೇ?" ಅಂದದ್ದು ಹದಿನಾಲ್ಕು ಜನಕ್ಕೆ ಕೇಳಿಸಿತು. ನಮ್ಮನೆ ಬಾಗಿಲನ್ನೂ ನೋಡಿರದ ಸಹೋದ್ಯೋಗಿಯೊಬ್ಬಳು "ಸಿಂಕ್ ಕೆಳಗೆ ನೋಡಿ ಸಾರ್" ಅಂದಳು.

ಅಲ್ಲೇ ಇತ್ತು!

ಮಧ್ಯಾಹ್ನ ಇನ್ನೊಂದು. ಶಾಲೆಯ ಫಾರಂನಲ್ಲಿ ನನ್ನ ನಂಬರೇ ಮೊದಲು ಬರೆದಿದ್ದೇವೆ, ಆದರೂ ಮಗ ಪುಸ್ತಕ ಮರೆತದ್ದಕ್ಕೆ ಅವರು ಫೋನ್ ಮಾಡಿದ್ದು ಅವಳಿಗೆ. ಅವಳು ನನಗೆ ಮಾಡಿದಳು. ಪುಸ್ತಕ ಎಲ್ಲಿದೆ ಅಂತ ನಾನು ಮತ್ತೆ ಅವಳಿಗೇ ಮಾಡಿದೆ. ಕೆಲಸವೇನೋ ನನ್ನ ಕೈಗೆ ಬಂದಿದೆ, ಅದರ ನೆನಪೆಲ್ಲ ಇನ್ನೂ ಅವಳ ತಲೆಯಲ್ಲೇ ಇದೆ, ಅಲ್ವಾ?

ಇದನ್ನು ಒಪ್ಪಿಕೊಳ್ಳೋ ಬದಲು ರಾತ್ರಿ ಸುಮ್ನೆ ಬಡಾಯಿಗೆ ಇಳಿದೆ. 1965ರ ಕಾನೂನು ಬರುವವರೆಗೂ ಫ್ರಾನ್ಸಿನಲ್ಲಿ ಹೆಂಡತಿ ಕೆಲಸಕ್ಕೆ ಹೋಗೋದನ್ನು ಗಂಡ ತಡೆಯಬಹುದಿತ್ತು, ನಾನು ಯಾವತ್ತಾದರೂ ತಡೆದಿದ್ದೀನಾ ಅಂದೆ. "ತಡೆದಿಲ್ಲ ರೀ, ಫೋನಲ್ಲಿ ಜೊತೆಗೇ ಬರ್ತೀರಿ" ಅಂದಳು.

ಮಾತು ತಿರುಗಿಸೋಕೆ ಐಸ್‌ಲ್ಯಾಂಡ್ ಕಥೆ ತೆಗೆದೆ. 1975ರ ಅಕ್ಟೋಬರ್ 24ರಂದು ಅಲ್ಲಿ ಸುಮಾರು ಶೇ. 90ರಷ್ಟು ಹೆಂಗಸರು ಹೊರಗಿನ ಕೆಲಸ, ಮನೆಕೆಲಸ ಎರಡನ್ನೂ ಒಂದು ದಿನ ಬಿಟ್ಟುಬಿಟ್ಟರು. ಗಂಡಸರು ಮಕ್ಕಳನ್ನು ಕಟ್ಟಿಕೊಂಡೇ ಆಫೀಸಿಗೆ ಹೋದರು, ರೇಡಿಯೋದಲ್ಲಿ ವಾರ್ತೆ ಓದುವಾಗ ಹಿಂದೆ ಮಕ್ಕಳ ಸದ್ದು ಕೇಳುತ್ತಿತ್ತಂತೆ. ಐದು ವರ್ಷಕ್ಕೆ, 1980ರಲ್ಲಿ, ಆ ದೇಶ ವಿಗ್ದಿಸ್ ಫಿನ್ಬೊಗಾದೋತ್ತಿರ್ ಅನ್ನೋ ಹೆಣ್ಣುಮಗಳನ್ನು ಅಧ್ಯಕ್ಷೆಯಾಗಿ ಆರಿಸಿತು.

ಅವಳು ಎಲ್ಲಾ ಕೇಳಿಸಿಕೊಂಡಳು. "ಆಗ ಮೊಬೈಲ್ ಇರಲಿಲ್ಲ, ಪುಣ್ಯವಂತರು" ಅಂತ ತನ್ನ ಫೋನ್ ನನ್ನ ಕೈಗಿಟ್ಟಳು. ಆ ದಿನದ ಕರೆಗಳ ಪಟ್ಟಿ, ಮೇಲಿಂದ ಕೆಳಗಿನವರೆಗೂ ನನ್ನದೇ ಹೆಸರು. ಎಷ್ಟು ಅಂತ ಎಣಿಸೋಕೆ ಕನ್ನಡಕ ಬೇಕಿತ್ತು. ಎಲ್ಲಿಟ್ಟಿದ್ದೇನೆ ಅಂತ ಅವಳನ್ನು ಕೇಳೋಕೆ ಧೈರ್ಯ ಬರಲಿಲ್ಲ.